ಬಾವಿಗೆ ಇಳಿದ ಕ್ಯಾಮೆರಾ

ಕೊಟ್ಟೂರಿನ ಹೊರಗೆ ನಮ್ಮ ಭಾವನ ತೋಟದಲ್ಲೊಂದು ಬಾವಿ ಇದೆ. 1996ರ ಬೇಸಿಗೆಯಲ್ಲಿ, ಬಿ.ಇಡಿ. ಮುಗಿಸಿ ನೌಕರಿಗೆ ಕಾಯುತ್ತಿದ್ದ ನನಗೆ ಆ ಬಾವಿಯ ಮೀನುಗಳ ಫೋಟೋ ತೆಗೆಯುವ ಹುಚ್ಚು ಹತ್ತಿತು. ಅಂಗಡಿಯವರು ಪೆಪ್ಪರ್‌ಮೆಂಟ್ ತುಂಬಿಡುವ ದೊಡ್ಡ ಗಾಜಿನ ಬಾಟಲಿಯೊಳಗೆ ಭಾವನ ರೀಲ್ ಕ್ಯಾಮೆರಾ ಇಟ್ಟೆ. ತಾನೇ ಕ್ಲಿಕ್ ಆಗುವ ಗುಂಡಿ ಒತ್ತಿ, ತಗಡಿನ ಮುಚ್ಚಳ ಬಿಗಿದು, ಸುತ್ತಲೂ ಮೇಣ ಮೆತ್ತಿ, ಹಗ್ಗ ಕಟ್ಟಿ ಇಳಿಬಿಟ್ಟೆ. ಬಾಟಲಿ ತೇಲಿತು! ಆರ್ಕಿಮಿಡೀಸ್‌ನನ್ನು ಪರೀಕ್ಷೆಗೆ ಓದಿದ್ದೆನೇ ಹೊರತು ಬಾವಿಗೆ ಓದಿರಲಿಲ್ಲ. ಮತ್ತೆ ಮೇಲೆಳೆದು, ಗುಂಡುಕಲ್ಲು ಕಟ್ಟಿ, ಎರಡಾಳುದ್ದ ಇಳಿಸಿದೆ. ಮೇಲೆ ಬಂದಾಗ ಮುಚ್ಚಳ ಒಳಕ್ಕೆ ತಗ್ಗಿತ್ತು, ಬಾಟಲಿಯ ತುಂಬ ನೀರು. ಆ ರೀಲಿನಲ್ಲಿ ಅಕ್ಕನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನದ ಚಿತ್ರಗಳಿದ್ದವು. ಒಂದೂ ಉಳಿಯಲಿಲ್ಲ. ಅಕ್ಕ ಬೈಯಲಿಲ್ಲ, ಅಡುಗೆಮನೆಗೆ ಹೋಗಿ ಕೂತಳು. ಅದೇ ಹೆಚ್ಚು ನೋವು.

ಆದದ್ದು ಏನು, ಲೆಕ್ಕ ಹಾಕಿ ನೋಡಿ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಮೂರು ಮೀಟರಿಗೆ 300 ಗ್ರಾಂ. ಮುಚ್ಚಳದ ವಿಸ್ತೀರ್ಣ ನೂರು ಚದರ ಸೆಂಟಿಮೀಟರ್ ಎಂದುಕೊಂಡರೆ ಅದರ ಮೇಲೆ 30 ಕಿಲೋ ಭಾರ. ತಗಡು, ಮೇಣ ಎಲ್ಲಿ ತಡೆದಾವು?

ಆ ತೊಟ್ಟಿಲ ಕೂಸು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್‌ಗೆ ಗೆಳತಿಯರ ಜೊತೆ ಹೋಗುತ್ತಾಳೆ. ಹೋದ ಬೇಸಿಗೆಯಲ್ಲಿ ಎರಡು ಚಿತ್ರ ತೋರಿಸಿದಳು. ಎರಡರಲ್ಲೂ ಅದೇ ಬಂಡೆ. ಒಂದರಲ್ಲಿ ಎಲ್ಲ ನೀಲಿ-ಬೂದು, ಇನ್ನೊಂದರಲ್ಲಿ ಬಂಡೆಗೆ ಕುಂಕುಮ ಬಳಿದ ಹಾಗೆ ಕೆಂಪು. "ಯಾವುದು ಸುಳ್ಳು ಹೇಳು ಮಾಮ" ಅಂದಳು.

ಎರಡೂ ನಿಜವೇ. ಬಿಸಿಲಿನ ಏಳು ಬಣ್ಣಗಳಲ್ಲಿ ನೀರು ಮೊದಲು ನುಂಗುವುದು ಕೆಂಪನ್ನು. ಐದು ಮೀಟರಿನಲ್ಲೇ ಕೆಂಪು ಮಂಕಾಗುತ್ತದೆ, ಹತ್ತರ ಹೊತ್ತಿಗೆ ಬಹುಪಾಲು ಹೋಗಿರುತ್ತದೆ. ಆಮೇಲೆ ಕಿತ್ತಳೆ, ಹಳದಿ. ನೀಲಿ ಮಾತ್ರ ಆಳಕ್ಕೆ ಇಳಿಯುತ್ತದೆ. ಎರಡನೆಯ ಚಿತ್ರಕ್ಕೆ ಅವಳು ಕೈದೀಪ ಹಿಡಿದಿದ್ದಳು. ದೀಪದ ಕೆಂಪು ಬಂಡೆಯವರೆಗೆ ಹೋಗಿ ಕ್ಯಾಮೆರಾಕ್ಕೆ ಮರಳುವಷ್ಟೇ ದೂರ ನೀರನ್ನು ದಾಟಬೇಕು. ಅದಕ್ಕೇ ಈ ಹವ್ಯಾಸದವರ ಮೊದಲ ಪಾಠ, ಮೀನಿಗೆ ಒಂದು ಮೀಟರಿಗಿಂತ ಹತ್ತಿರ ಹೋಗು ಎಂಬುದು. ದೂರ ನಿಂತು ಜೂಮ್ ಎಳೆದರೆ ಸಿಗುವುದು ನೀರಿನ ಫೋಟೋ.

ದೀಪವನ್ನು ಎಲ್ಲಿ ಹಿಡಿಯಬೇಕು ಎನ್ನುವುದಕ್ಕೂ ಒಂದು ಉಪಾಯವಿದೆ. ಸಂಜೆ ಕೂಡ್ಲಿಗಿ ರಸ್ತೆಯಲ್ಲಿ ಕುರಿಮಂದೆ ಎಬ್ಬಿಸಿದ ಧೂಳಿನೊಳಗೆ ಬೈಕ್ ಓಡಿಸಿದವರಿಗೆ ಗೊತ್ತು, ಹೆಡ್‌ಲೈಟ್ ಹಾಕಿದರೆ ದಾರಿಯ ಬದಲು ಧೂಳೇ ಬೆಳ್ಳಗೆ ಹೊಳೆಯುತ್ತದೆ. ಸಮುದ್ರದಲ್ಲೂ ಕಣಗಳು ತೇಲುತ್ತಿರುತ್ತವೆ. ಫ್ಲಾಶ್ ಮಸೂರದ ಪಕ್ಕದಲ್ಲೇ ಇದ್ದರೆ ಚಿತ್ರದ ತುಂಬ ಬಿಳಿ ಚುಕ್ಕೆ. ಆದ್ದರಿಂದ ಉದ್ದನೆಯ ತೋಳುಗಳ ತುದಿಗೆ ದೀಪ ಕೂರಿಸಿ, ಪಕ್ಕದಿಂದ ಬೆಳಕು ಬೀಳಿಸುತ್ತಾರೆ. ನಮ್ಮ ಹಂಪಸಾಗರದ ಹಿನ್ನೀರಿನಲ್ಲಿ ಇದೂ ನಡೆಯಲಾರದು. ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿಯುವಷ್ಟು ಹೂಳು ಬಂದಿದೆ. ಆ ಮಣ್ಣು ತೇಲುವ ನೀರಿನಲ್ಲಿ ಮೊಳದಾಚೆಯ ಮೀನು ಕಂಡರೆ ಪುಣ್ಯ.

ಇದೇನೂ ನಿನ್ನೆ ಮೊನ್ನೆಯ ಹುಚ್ಚಲ್ಲ. 1893ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾನ್ ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ಇಳಿದ. ಬೆಳಕಿಗೆ ಅವನು ಉರಿಸಿದ್ದು ಮೆಗ್ನೀಸಿಯಂ ಪುಡಿ. ಲ್ಯಾಬಿನಲ್ಲಿ ನಾವು ಉರಿಸಿ ಕಣ್ಣು ಮುಚ್ಚಿಕೊಳ್ಳುವ ಪಟ್ಟಿಯಿದೆಯಲ್ಲ, ಅದೇ ಲೋಹ.

ಈಗಿನ ಪೆಟ್ಟಿಗೆಗೆ ಹೌಸಿಂಗ್ ಎನ್ನುತ್ತಾರೆ. ಅದರ ಜೀವವೆಲ್ಲ ಒಂದು ರಬ್ಬರ್ ಉಂಗುರದಲ್ಲಿದೆ. ನನ್ನ ಮುಚ್ಚಳವನ್ನು ಕೆಡಿಸಿದ ಅದೇ ಒತ್ತಡ ಈ ಉಂಗುರವನ್ನು ಗಾಡಿಗೆ ಒತ್ತಿ ಇನ್ನಷ್ಟು ಬಿಗಿ ಮಾಡುತ್ತದೆ. ಆದರೆ ಒಂದು ತಲೆಗೂದಲು, ಒಂದು ಮರಳಿನ ಕಣ ಸಿಕ್ಕಿಕೊಂಡರೆ ಸಾಕು, ಕ್ಯಾಮೆರಾದ ಕಥೆ ಮುಗಿಯಿತು. ಅದಕ್ಕೇ ಮೊದಲು ಖಾಲಿ ಪೆಟ್ಟಿಗೆಯಲ್ಲಿ ಒಣ ಕಾಗದವಿಟ್ಟು ಮುಳುಗಿಸಿ ನೋಡುತ್ತಾರೆ. ಮೇಲೆ ಬಂದಮೇಲೆ ಸಿಹಿನೀರಿನಲ್ಲಿ ನೆನೆಸುತ್ತಾರೆ, ಇಲ್ಲದಿದ್ದರೆ ಉಪ್ಪು ಹರಳುಗಟ್ಟಿ ಗುಂಡಿಗಳು ಹಿಡಿಯುತ್ತವೆ. ಪೆಟ್ಟಿಗೆಯ ಮುಂದಿನ ಗಾಜು ಚಪ್ಪಟೆಯಾಗಿದ್ದರೆ ವಕ್ರೀಭವನದಿಂದ ಮೀನು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ, ನೋಟ ಕಿರಿದಾಗುತ್ತದೆ. ಗುಮ್ಮಟದಂಥ ಗಾಜು ಹಾಕಿದರೆ ಆ ನೋಟ ಮರಳಿ ಸಿಗುತ್ತದೆ.

ಪಾಲಕರಿಗೆ ಒಂದು ಮಾತು. ಚಿತ್ರ ಅಲುಗದಿರಲೆಂದು ನಾವು ನೆಲದ ಮೇಲೆ ಉಸಿರು ಹಿಡಿಯುತ್ತೇವೆ. ಸಿಲಿಂಡರಿನ ಗಾಳಿ ಸೇದುವ ಮುಳುಗುಗಾರ ಹಾಗೆ ಮಾಡಲೇಬಾರದು. ಹತ್ತು ಮೀಟರಿನಲ್ಲಿ ಎಳೆದ ಉಸಿರು ಮೇಲೆ ಬರುವಾಗ ಎರಡು ಪಟ್ಟು ಹಿಗ್ಗುತ್ತದೆ. ಬಾಯಲ್‌ನ ನಿಯಮ. ಹಿಡಿದಿಟ್ಟ ಉಸಿರು ಶ್ವಾಸಕೋಶವನ್ನೇ ಹರಿಯಬಲ್ಲದು. ಅದಕ್ಕೆ ತಿಳಿದವರು ಮೊದಲು ಕ್ಯಾಮೆರಾ ಇಲ್ಲದೆ, ಕೈಕಾಲು ಬಡಿಯದೆ, ಹವಳಕ್ಕೆ ತಾಗದೆ ತೇಲಿ ನಿಲ್ಲುವುದನ್ನು ಕಲಿಸುತ್ತಾರೆ. ಇತ್ತ ನಮ್ಮ ಹುಡುಗರು ಫೋನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಮಾಲವಿ ಜಲಾಶಯಕ್ಕೋ ಕಲ್ಲು ಕ್ವಾರಿಯ ಹೊಂಡಕ್ಕೋ ಇಳಿಯುತ್ತಾರೆ. ಫೋನಿಗೆ ನೀರು ತಡೆಯುವ ಗುಣವಿದೆಯಂತೆ. ಹುಡುಗನಿಗೆ ಈಜು ಬರುತ್ತದೆಯೇ? ಕ್ವಾರಿಯ ಆಳ ನೋಡಿದವರು ಯಾರು?

ಈ ಸಲ ಭಾವನೂ ಮಗಳನ್ನು ಕಳಿಸಲು ಒಪ್ಪಿದ್ದಾರೆ. ನೇತ್ರಾಣಿಗೆ ಮಳೆಗಾಲದಲ್ಲಿ ದೋಣಿ ಹೋಗದು, ದಸರೆ ಕಳೆಯಲಿ ಎಂದಿದ್ದಾಳೆ. ಹೊಸ ಪೆಟ್ಟಿಗೆಯನ್ನು ಮೊದಲು ಅದೇ ಬಾವಿಯಲ್ಲಿ ಪರೀಕ್ಷಿಸಿದೆವು, ಒಳಗೆ ಕ್ಯಾಮೆರಾ ಇಡದೆ. ಹಗ್ಗ ನನ್ನ ಕೈಗೆ ಕೊಡಲಿಲ್ಲ, ಭಾವನೇ ಹಿಡಿದಿದ್ದರು. ಕಾಗದ ಒಣಗಿಯೇ ಬಂತು.