ಗೋಡೆ ಮೇಲಿನ ಮರಕ್ಕೆ ಮಳೆ ಬೇಕಿಲ್ಲ

ಗೆಳೆಯನೊಬ್ಬ ವೈಟ್‌ಫೀಲ್ಡಿನಲ್ಲಿ ಫ್ಲ್ಯಾಟ್ ತಗೊಂಡ. ಗೃಹಪ್ರವೇಶಕ್ಕೆ ಹೋದರೆ ಹಾಲ್‌ನಲ್ಲಿ ಆಳೆತ್ತರದ ಪೇಂಟಿಂಗು. ಹೆಂಗಸೊಬ್ಬಳ ತಲೆಗೂದಲಿಂದ ಮರ ಬೆಳೆದಿದೆ, ಎದೆಯೊಳಗೆ ಚಂದ್ರ, ಹಿಂದೆಲ್ಲ ನಕ್ಷತ್ರ. ‘ಮನುಷ್ಯ, ಪ್ರಕೃತಿ, ಬ್ರಹ್ಮಾಂಡ ಎಲ್ಲಾ ಒಂದೇ ಅನ್ನೋ ಫೀಲ್ ಬರುತ್ತಲ್ವಾ?’ ಅಂದ. ನನಗೆ ಬಂದದ್ದು ಸಿಟ್ಟು. ಚಿತ್ರ ಕೆಟ್ಟದಾಗಿತ್ತು ಅಂತಲ್ಲ. ಆ ಹೆಂಗಸಿಗೆ ಏನೂ ಬೇಕಾಗಿರಲಿಲ್ಲ. ಹಸಿವಿಲ್ಲ, ಬಾಯಾರಿಕೆಯಿಲ್ಲ, ಕಣ್ಮುಚ್ಚಿ ಸುಖವಾಗಿ ನಿಂತಿದ್ದಳು.

ನಾನು ಜಗಳೂರು ತಾಲ್ಲೂಕಿನವನು. ನಮ್ಮದೇ ದಾವಣಗೆರೆ ಜಿಲ್ಲೆಯ ಚನ್ನಗಿರಿಗೆ ಸೂಳೆಕೆರೆ ಇದೆ, ಹೊನ್ನಾಳಿ, ನ್ಯಾಮತಿ ಸೀಮೆಗೆ ತುಂಗಭದ್ರೆ ಇದ್ದಾಳೆ. ನಮಗೆ ಮೋಡವೇ ಗತಿ. ಆ ಮೋಡಕ್ಕೆ ಸುದ್ದಿ ಮುಟ್ಟಿಸೋಕೆ ನಮ್ಮ ಕಡೆ ಮಣ್ಣಲ್ಲಿ ಒಬ್ಬನನ್ನು ಮಾಡ್ತಾರೆ: ಜೋಕುಮಾರ.

ಭಾದ್ರಪದದ ಅಷ್ಟಮಿಗೆ ಹುಟ್ಟುತ್ತಾನೆ. ಅಗಲ ಮುಖ, ದೊಡ್ಡ ಕಣ್ಣು, ಹುರಿಮೀಸೆ, ತೆರೆದ ಬಾಯಿ, ತುಟಿಗೆ ಬೆಣ್ಣೆ. ಬಿದಿರು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಅವನನ್ನು ಕೂರಿಸಿ, ಅಂಬಿಗರ ಹೆಂಗಸರು ತಲೆ ಮೇಲೆ ಹೊತ್ತು ಮನೆಮನೆಗೆ ಬರ್ತಾರೆ. ಹಾಡ್ತಾರೆ. ಮೊರದಲ್ಲಿ ಜೋಳ ಹಾಕಬೇಕು. ಏಳು ದಿನ ಕಳೆದು ಹುಣ್ಣಿಮೆ ರಾತ್ರಿ ಅವನ ಕತೆ ಮುಗೀತದೆ; ಅಗಸರು ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಸಾಯ್ತಾನೆ ಅಂತ ನಂಬಿಕೆ. ಕತೆ ಏನಪ್ಪಾ ಅಂದ್ರೆ, ಗಣಪ ಕಡುಬು ಉಂಡು ಹೋಗಿ ಶಿವನಿಗೆ ‘ಭೂಮಿ ಮೇಲೆ ಎಲ್ಲಾ ಚೆನ್ನಾಗೈತಿ’ ಅಂತಾನೆ. ಆಮೇಲೆ ಬಂದ ಜೋಕುಮಾರ ಕೇರಿಕೇರಿ ಅಲೆದು, ಒಣಗಿದ ಪೈರು ನೋಡಿ, ಇದ್ದದ್ದು ಇದ್ದಂಗೆ ವರದಿ ಒಪ್ಪಿಸ್ತಾನೆ. ಆಗ ಮಳೆ. ಆ ಬಾಯಿ ತೆರೆದಿರೋದು ಸುಮ್ಮನೆ ಅಲ್ಲ.

ಮನುಷ್ಯನಿಗೂ ಆಕಾಶಕ್ಕೂ ಇರೋ ಸಂಬಂಧವನ್ನು ಒಂದು ಆಕೃತಿಯಲ್ಲಿ ಇದಕ್ಕಿಂತ ಗಟ್ಟಿಯಾಗಿ ಹೇಳಿದ್ದು ನಾನಂತೂ ಯಾವ ಗ್ಯಾಲರಿಯಲ್ಲೂ ನೋಡಿಲ್ಲ. ಆದರೂ ನಮ್ಮ ಲೆಕ್ಕದಲ್ಲಿ ಅದು ಕಲೆಯಲ್ಲ, ‘ಆಚರಣೆ’. ಅವನ ಕಾಮದ ಕತೆ ಕೇಳಿದರೆ ‘ಅಶ್ಲೀಲ’. ಚಂದ್ರಶೇಖರ ಕಂಬಾರರು 1972ರಲ್ಲಿ ಅದನ್ನೇ ‘ಜೋಕುಮಾರಸ್ವಾಮಿ’ ನಾಟಕ ಮಾಡಿದ ಮೇಲೆ ನಾವು ಟಿಕೆಟ್ ತಗೊಂಡು ಹೋಗಿ ಚಪ್ಪಾಳೆ ಹೊಡೆದೆವು. ಬುಟ್ಟಿ ಹೊತ್ತವಳನ್ನು ಮಾತ್ರ ಇವತ್ತಿಗೂ ಕಲಾವಿದೆ ಅನ್ನಲ್ಲ.

ನಾನೇನು ಸಾಚಾ ಅಲ್ಲ. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಊರಿಗೆ ಹೋದಾಗ, ಬಾಗಿಲಿಗೆ ಬುಟ್ಟಿ ಬಂದದ್ದೇ ಅಜ್ಜಿಗೆ ‘ಇದೆಲ್ಲ ಮೂಢನಂಬಿಕೆ, ಕಳಿಸು’ ಅಂದಿದ್ದೆ. ಅಜ್ಜಿ ಏನೂ ಮಾತಾಡದೆ ಮೊರ ತುಂಬ ಜೋಳ ತಂದು ಹಾಕಿದಳು. ಬುಟ್ಟಿ ಹೊತ್ತಾಕೆಗೆ ಅದು ಕೇಳಿಸಿತ್ತು. ನನ್ನ ಮುಖ ನೋಡದೆ ಹೊರಟುಹೋದಳು.

‘ಹಂಗಾದ್ರೆ ಪರಂಪರೆ ಉಳಿಸೋಣ, ವರ್ಕ್‌ಶಾಪ್ ಮಾಡೋಣ’ ಅನ್ನೋರು ಬರ್ತಾರೆ. ಬೇಡ. ಜೋಕುಮಾರನಿಗೆ ಗಾಜಿನ ಪೆಟ್ಟಿಗೆ ಕಟ್ಟಿದರೆ ಅವನು ಶಿವನ ಹತ್ರ ಹೋಗೋದು ಹೆಂಗೆ? ಸಾಯೋದೇ ಅವನ ಕೆಲಸ. ಇನ್ನು, ಆ ಹೆಂಗಸರ ಮಕ್ಕಳು ‘ಜಾತಿ ಹೆಸರಲ್ಲಿ ಬಂದ ಬುಟ್ಟಿ ನಾವು ಹೊರಲ್ಲ’ ಅಂದರೆ, ಹೊರಲೇಬೇಕು ಅನ್ನೋಕೆ ನಾವ್ಯಾರು? ಅವರು ಬಿಡಲಿ, ನನ್ನ ತಕರಾರು ಅವರ ಮೇಲಲ್ಲ. ಮಳೆ ಬಂತೋ ಇಲ್ಲವೋ ಅಂತ ಕ್ಯಾಬ್ ಬುಕ್ ಮಾಡೋವಾಗ ಮಾತ್ರ ನೋಡುವ ನಾವು, ಏನನ್ನೂ ಬೇಡದ, ಯಾರ ಕಷ್ಟವನ್ನೂ ಹೇಳದ ಬ್ರಹ್ಮಾಂಡವನ್ನು ಸೋಫಾದ ಬಣ್ಣಕ್ಕೆ ಮ್ಯಾಚ್ ಮಾಡಿ ತೂಗುಹಾಕಿಕೊಂಡು, ‘ಪ್ರಕೃತಿಯ ಜೊತೆ ಕನೆಕ್ಟ್ ಆದೆ’ ಅಂತೀವಲ್ಲ, ಅದರ ಮೇಲೆ.

ಊಟ ಮಾಡಿ ಹೊರಡುವಾಗ ಗೆಳೆಯ ಕೇಳಿದ, ‘ಏನೋ, ಪೇಂಟಿಂಗ್ ಹೆಂಗಿದೆ ಹೇಳಲೇ ಇಲ್ಲ?’

‘ಆಕೆಗೆ ಬಾಯಿ ತೆಗಿಯೋಕೆ ಹೇಳು’ ಅಂದೆ. ಜೋಕ್ ಅಂದ್ಕೊಂಡು ನಕ್ಕ.