ಮೃಗಗಳ ಮೇಲೆ ಹೊರಿಸಿದ ಪಾಪ

ಪತ್ರಿಕೆ ತೆರೆದರೆ ಆಗಾಗ ‘ಮೃಗೀಯ ಕೃತ್ಯ’ ಎಂಬ ತಲೆಬರಹ ಕಣ್ಣಿಗೆ ಬೀಳುತ್ತದೆ. ಕೆಳಗೆ ಓದಿದರೆ, ವರದಕ್ಷಿಣೆಗಾಗಿ ಸೊಸೆಯ ಮೈಮೇಲೆ ಸೀಮೆಎಣ್ಣೆ ಸುರಿದ ಸುದ್ದಿ. ಇಲ್ಲವೇ ಕುಲದ ಮರ್ಯಾದೆಗಾಗಿ ಹೆತ್ತ ಮಗಳನ್ನೇ ಕೊಂದ ಸುದ್ದಿ. ನಾನು ಕೇಳುತ್ತೇನೆ: ಯಾವ ಮೃಗ ಬೆಂಕಿಕಡ್ಡಿ ಗೀರಿತು? ಯಾವ ಹುಲಿ ಅಳಿಯನಾಗಿ ಬರುವವನ ಕುಲ ವಿಚಾರಿಸಿತು?

ಈಚೆಗೆ ಒಂದು ಸಂಜೆ ಮಿತ್ರರ ಮನೆಯಲ್ಲಿ ಇಂಥದೇ ಸುದ್ದಿಯ ಮಾತು ಬಂತು. ಅಲ್ಲಿದ್ದ ವಿದ್ಯಾವಂತರೊಬ್ಬರು ಕಾಫಿಯ ಲೋಟವನ್ನು ಕೆಳಗಿಟ್ಟು, “ಎಷ್ಟಾದರೂ ಮನುಷ್ಯನೂ ಒಂದು ಪ್ರಾಣಿಯೇ ಅಲ್ಲವೇ ಸ್ವಾಮಿ! ಸ್ವಭಾವ ಎಲ್ಲಿಗೆ ಹೋಗುತ್ತದೆ?” ಎಂದರು. ತಲೆದೂಗಿದವರೇ ಹೆಚ್ಚು. ನಾನೂ ಸುಮ್ಮನಿದ್ದೆ. ಆ ಮೌನಕ್ಕೆ ಪ್ರಾಯಶ್ಚಿತ್ತವೆಂದು ಇದನ್ನು ಬರೆಯುತ್ತಿದ್ದೇನೆ.

ಮೃಗಗಳೆಲ್ಲ ಸಾಧುಗಳೆಂದು ನಾನು ವಾದಿಸುವುದಿಲ್ಲ. ನಮ್ಮ ಧಾರವಾಡದ ಕಾಡಿನಲ್ಲೇ ಜಪಾನಿನ ವಿಜ್ಞಾನಿ ಯುಕಿಮಾರು ಸುಗಿಯಾಮ 1960ರ ದಶಕದ ಆರಂಭದಲ್ಲಿ ಮುಸುವಗಳನ್ನು ಬಹುಕಾಲ ನೋಡಿದರು. ಹೊಸ ಗಂಡೊಂದು ಹಳೆಯ ಯಜಮಾನನನ್ನು ಓಡಿಸಿ ಗುಂಪನ್ನು ವಶಮಾಡಿಕೊಂಡ ಮೇಲೆ ತಾಯಂದಿರ ಎದೆಗಂಟಿದ್ದ ಮರಿಗಳನ್ನು ಕಚ್ಚಿ ಕೊಂದಿತು. ಮರಿ ಸತ್ತರೆ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತಾಳೆ, ಗಂಡಿನ ಸಂತಾನ ಬೆಳೆಯುತ್ತದೆ ಎಂಬುದು ಮುಂದೆ ಪಂಡಿತರು ಕೊಟ್ಟ ವಿವರಣೆ. ಹನುಮನ ಕುಲವೆಂದು ನಾವು ಕೈಮುಗಿಯುವ ಪ್ರಾಣಿಯ ಕಥೆ ಇದು. ಭಕ್ತನಾದ ನನಗೆ ಇದನ್ನು ನುಂಗುವುದು ಸುಲಭವಾಗಲಿಲ್ಲ. ಆದರೆ ಕಂಡದ್ದನ್ನು ಕಾಣಲಿಲ್ಲವೆನ್ನುವುದು ಭಕ್ತಿಯಲ್ಲ.

ಇನ್ನೊಂದು ಕಥೆಯನ್ನೂ ಕೇಳಿ. 1964ರಲ್ಲಿ ಅಮೆರಿಕದ ಮ್ಯಾಸರ್‌ಮನ್ ಮತ್ತು ಸಂಗಡಿಗರು ತಮ್ಮ ಪ್ರಯೋಗವೊಂದನ್ನು ಪ್ರಕಟಿಸಿದರು. ಕೋತಿ ಸರಪಣಿ ಎಳೆದರೆ ಆಹಾರ ಸಿಗುತ್ತದೆ. ಆದರೆ ಅದೇ ಗಳಿಗೆಯಲ್ಲಿ ಎದುರಿಗಿರುವ ಇನ್ನೊಂದು ಕೋತಿಗೆ ವಿದ್ಯುತ್ತಿನ ಪೆಟ್ಟು ಬೀಳುತ್ತದೆ. ಹಲವು ಕೋತಿಗಳು ಆ ಸರಪಣಿಯನ್ನು ಮುಟ್ಟಲೊಲ್ಲದೆ ಹೋದವು. ಒಂದು ಐದು ದಿನ, ಮತ್ತೊಂದು ಹನ್ನೆರಡು ದಿನ ಹಸಿದು ಕುಳಿತವು. ತಾವೇ ಹಿಂದೆ ಆ ಪೆಟ್ಟು ತಿಂದಿದ್ದ ಕೋತಿಗಳು ಇನ್ನೂ ಹೆಚ್ಚಾಗಿ ಹಿಂಜರಿದವು. ಉಪವಾಸವಿದ್ದುದು ಕೋತಿ, ಆ ಯಂತ್ರವನ್ನು ಕಟ್ಟಿದವನು ಮನುಷ್ಯ!

ಹಾಗಾದರೆ ಮೃಗಗಳಿಂದ ತಿಳಿಯುವುದೇನು? ಕ್ರೌರ್ಯವೂ ನಮಗಿಂತ ಹಳೆಯದು, ಕರುಣೆಯೂ ನಮಗಿಂತ ಹಳೆಯದು. ಸೃಷ್ಟಿಕರ್ತ ಎರಡರ ಬೀಜವನ್ನೂ ನಮಗಿಂತ ಮೊದಲೇ ಬಿತ್ತಿದ್ದಾನೆ. “ಸ್ವಭಾವ” ಎನ್ನುವವರು ಒಂದು ಬೀಜವನ್ನು ಮಾತ್ರ ಎಣಿಸುವುದೇಕೆ? ಸೊಸೆಯನ್ನು ಕಾಪಾಡಲು ಪಕ್ಕದ ಮನೆಯವರು ಓಡಿ ಬಂದರೆ, ಅದು ಸ್ವಭಾವವಲ್ಲವೇ?

ಶೈವರಲ್ಲಿ ಪಶುವೆಂದರೆ ಪಾಶಕ್ಕೆ ಸಿಕ್ಕ ಜೀವ. ಪಶುಪತಿಯ ಆ ಹಿಂಡಿನಲ್ಲಿ ನಾವೂ ಇದ್ದೇವೆ. ಕೊರಳಲ್ಲಿ ಹಗ್ಗವಿದೆಯೆಂದು ಅರಿತು, ಬಿಡಿಸೆಂದು ಬೇಡುವ ಬುದ್ಧಿ ಮಾತ್ರ ನಮಗೆ ಹೆಚ್ಚಾಗಿ ಬಂದದ್ದು. ಧರ್ಮವಿಲ್ಲದವನು ಪಶುವಿಗೆ ಸಮಾನ ಎಂಬ ಸುಭಾಷಿತ ನಮ್ಮಲ್ಲಿ ಉಂಟು. ವಿನಯದಿಂದಲೇ ಹೇಳುತ್ತೇನೆ, ನಾನದನ್ನು ಒಪ್ಪಲಾರೆ. ಗೀತೆಯ ಹದಿನಾರನೆಯ ಅಧ್ಯಾಯ ಮನುಷ್ಯರ ಗುಣಗಳನ್ನು ದೈವೀ, ಆಸುರೀ ಎಂದು ಎರಡಾಗಿ ವಿಂಗಡಿಸುತ್ತದೆ. ಪಾಶವೀ ಎಂದು ಮೂರನೆಯದನ್ನು ಹೇಳುವುದಿಲ್ಲ. ರಾವಣ ಪಶುವಾಗಿರಲಿಲ್ಲ, ವೇದವನ್ನು ಓದಿದ್ದ.

ನಮ್ಮ ದೇವಸ್ಥಾನಗಳಲ್ಲಿ ತಪ್ಪುಕಾಣಿಕೆ ಎಂಬುದೊಂದುಂಟು. ಧಾರವಾಡದ ಮುಸುವ ಅದನ್ನು ಹಾಕಬೇಕಾಗಿಲ್ಲ. ದೇವರು ಅದರಿಂದ ಲೆಕ್ಕ ಕೇಳುವುದಿಲ್ಲವೆಂದು ನನ್ನ ನಂಬಿಕೆ. ನಮ್ಮಿಂದ ಕೇಳುತ್ತಾನೆ. “ಪ್ರಾಣಿಯೇ ಅಲ್ಲವೇ” ಎಂದು ಜಾರಿಕೊಳ್ಳುವವನು ತನ್ನ ತಪ್ಪುಕಾಣಿಕೆಯನ್ನು ಮುಸುವದ ಕೈಯಿಂದ ಹಾಕಿಸಲು ಹೊರಟವನು.

ಪತ್ರಿಕೆಯವರಲ್ಲಿ ನನ್ನದೊಂದೇ ಬಿನ್ನಹ. ಇನ್ನು ಮೇಲೆ ‘ಮೃಗೀಯ’ ಎಂದೂ ಬೇಡ, ‘ಅಮಾನುಷ’ ಎಂದೂ ಬೇಡ. ಮನುಷ್ಯ ಮಾಡಿದ್ದನ್ನು ಮನುಷ್ಯನ ಕೃತ್ಯವೆಂದೇ ಅಚ್ಚುಮಾಡಿ. ಓದಿದವರಿಗೆ ನಾಚಿಕೆಯಾದರೆ ಆಗಲಿ.