'ಇಂಜೆಕ್ಷನ್ ಇಲ್ಲ' ಅನ್ನೋ ಬೋರ್ಡಿಗೆ ಮರುಳಾಗ್ಬೇಡಿ

1/4
"ಇಂಜೆಕ್ಷನ್ ಇಲ್ಲ, ಹೊಲಿಗೆ ಇಲ್ಲ, ಪಟ್ಟಿ ಇಲ್ಲ." ಕಣ್ಣಿನ ಪೊರೆ ಆಪರೇಷನ್ನಿನ ಇಂಥ ಜಾಹೀರಾತು ನೀವೂ ನೋಡಿರ್ತೀರ. ಓದಿದ ತಕ್ಷಣ ನಮ್ಮ ತಲೆಯಲ್ಲಿ ಕೂರೋದು ಇಷ್ಟೇ: ಡ್ರಾಪ್ಸ್ ಹಾಕಿ ಮಾಡಿದ್ರೆ ದುಡ್ಡಿರೋರ ಆಪರೇಷನ್, ಇಂಜೆಕ್ಷನ್ ಕೊಟ್ರೆ ಬಡವರ ಕ್ಯಾಂಪ್ ಆಪರೇಷನ್. ಇದು ಶುದ್ಧ ಸುಳ್ಳು ಕಣ್ರಪ್ಪಾ. ಹೊಲಿಗೆ ಇಲ್ಲ ಅನ್ನೋದೂ ದೊಡ್ಡ ಹೆಗ್ಗಳಿಕೆ ಏನಲ್ಲ, ಕ್ಯಾಂಪಲ್ಲಿ ಮಾಡೋ ಎಸ್‌ಐಸಿಎಸ್‌ಗೂ ಸಾಮಾನ್ಯವಾಗಿ ಹೊಲಿಗೆ ಬೇಕಾಗಲ್ಲ.

2/4
ಡ್ರಾಪ್ಸ್ ಅಂದ್ರೆ ಪ್ರೊಪರಾಕೇನ್ ಥರದ ಔಷಧಿ. ಅರ್ಧ ನಿಮಿಷದಲ್ಲಿ ಕಣ್ಣಿನ ಮೇಲ್ಮೈ ಮರಗಟ್ಟುತ್ತೆ. ಆದ್ರೆ ಕಣ್ಣುಗುಡ್ಡೆ ಆಡ್ತಾನೇ ಇರುತ್ತೆ, ಡಾಕ್ಟ್ರು "ಲೈಟ್ ನೋಡಿ" ಅಂದ್ರೆ ಪೇಷೆಂಟು ನೋಡ್ತಾ ಇರ್ಬೇಕು. 3 ಮಿಲಿಮೀಟರಿಗಿಂತ ಚಿಕ್ಕ ಗಾಯದ ಫೇಕೋಗೆ ಇದು ಚೆನ್ನಾಗಿ ಹೊಂದುತ್ತೆ.
ಇಂಜೆಕ್ಷನ್ನಿನಲ್ಲಿ ಲಿಗ್ನೋಕೇನ್, ಬುಪಿವಕೇನ್ ಇರುತ್ತೆ. ಸೂಜಿ ಗುಡ್ಡೆಗೇ ಚುಚ್ಚಲ್ಲ, ಅದರ ಪಕ್ಕಕ್ಕೆ ಹೋಗುತ್ತೆ. ಸ್ವಲ್ಪ ಹೊತ್ತಿಗೆ ನೋವೂ ಇಲ್ಲ, ಅಲ್ಲಾಟವೂ ಇಲ್ಲ. ಅಪಾಯ ಇಲ್ಲ ಅಂತಲ್ಲ: ಅಪರೂಪಕ್ಕೆ ಸೂಜಿ ಗುಡ್ಡೆಗೆ ತಾಗಬಹುದು, ಹಿಂದೆ ರಕ್ತ ಕಟ್ಟಬಹುದು. ಮೈನಸ್ ಪವರ್ ಜಾಸ್ತಿ ಇದ್ದು ಗುಡ್ಡೆ ಉದ್ದ ಇರೋರಿಗೆ ಈ ಭಯ ಹೆಚ್ಚು. ಸೂಜಿಯ ಬದಲು ಮೊಂಡು ತುದಿಯ ಕೊಳವೆಯಿಂದ ಕೊಡೋ ಸಬ್-ಟೆನಾನ್ ಅಂತ ಮೂರನೇ ದಾರಿಯೂ ಇದೆ. ಅದು ಮಾತ್ರ ಯಾವ ಬೋರ್ಡಲ್ಲೂ ಕಾಣಲ್ಲ!

3/4
ಕಾಸ್ಟಿಂಗ್ ಓದ್ತಿರೋ ನಮಗೆ ಇದು ಹೊಳೀಬೇಕಿತ್ತು. ಪ್ಯಾಕೇಜ್ ರೇಟ್ ಏರೋದು ಲೆನ್ಸು, ಮಷೀನಿಂದ. ಮರಗಟ್ಟಿಸೋ ಹನಿಯಿಂದಲ್ಲ. ಆ ಹನಿಯೇನು ಹೊಸದಾ? 1884ರಲ್ಲೇ ವಿಯೆನ್ನಾದ ಕಾರ್ಲ್ ಕೋಲರ್ ಕೊಕೇನ್ ಹನಿ ಹಾಕಿ ಕಣ್ಣು ಮರಗಟ್ಟಿಸಿದ್ದ.
ಕ್ಯಾಂಪ್ ಅಂದ್ರೆ ಮೂಗು ಮುರಿಯೋರು ಡಾ. ಎಂ. ಸಿ. ಮೋದಿ ಹೆಸರು ಕೇಳಿಲ್ವಾ? ನಮ್ಮ ಕರ್ನಾಟಕದವರೇ, ಊರೂರಿಗೆ ಹೋಗಿ ಕ್ಯಾಂಪ್ ಮಾಡಿದ ಮನುಷ್ಯ. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದು ಗಿನ್ನೆಸ್ ದಾಖಲೆ. (ಅಷ್ಟು ಸ್ಪೀಡ್ ಇವತ್ತು ಯಾರೂ ಒಪ್ಪಲ್ಲ, ಬಿಡಿ.)

4/4
ನನ್ನ ಸಿಟ್ಟು ಬೋರ್ಡಿನ ಮೇಲಷ್ಟೇ ಅಲ್ಲ. ಗುಬ್ಬಿ, ಕುಣಿಗಲ್ ಕಡೆ ನಮ್ಮ ಅಜ್ಜ-ಅಜ್ಜಿಯರು "ಕಣ್ಣಿಗೆ ಸೂಜಿನಾ? ಬೇಡಪ್ಪಾ, ಪೊರೆ ಹಣ್ಣಾಗ್ಲಿ" ಅಂತ ವರ್ಷಗಟ್ಟಲೆ ತಳ್ತಾರೆ. ನಾವು ಹೂಂ ಅಂತೀವಿ. ಪೊರೆ ಹಣ್ಣಾಗಿ ಗಟ್ಟಿಯಾದ್ರೆ ಫೇಕೋ ಕಷ್ಟ, ಎಷ್ಟೋ ಸಲ ದೊಡ್ಡ ಗಾಯದ ಆಪರೇಷನ್ನೇ ಗತಿ. ಅದಕ್ಕೆ ಸಾಮಾನ್ಯವಾಗಿ ಇಂಜೆಕ್ಷನ್ನೇ ಬೇಕು. ಯಾವುದಕ್ಕೆ ಹೆದರಿ ಕೂತ್ರೋ ಅದೇ ಬಂತು!
ಇನ್ನು ಸಹಿ ಹಾಕೋ ನಾವು. ಫಾರಂ ಓದದೆ ಪೆನ್ ಎತ್ತೋ ಮೊದ್ಲು ಡಾಕ್ಟ್ರ ಹತ್ರ ಕೇಳಿ: "ಸರ್, ಈ ಕಣ್ಣಿಗೆ ಯಾವುದು, ಯಾಕೆ?" ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ರೆ ಹೇಳಿ, ನೀವೇ ನಿಲ್ಲಿಸ್ಬೇಡಿ. ಮಲಗಿದ್ರೆ ಕೆಮ್ಮು ಬರುತ್ತಾ, ಹೇಳಿ. ಅಜ್ಜಿಗೆ ಕಿವಿ ಕೇಳಲ್ಲ ಅನ್ನೋದನ್ನಂತೂ ಹೇಳ್ಲೇಬೇಕು. "ಲೈಟ್ ನೋಡಿ" ಅಂದಿದ್ದು ಕೇಳದೆ ಅವರು ಆ ಟೇಬಲ್ ಮೇಲೆ ತಲೆ ತಿರುಗಿಸಿದ್ರೆ, ನಾವು ಹೊರಗೆ ಬೆಂಚ್ ಮೇಲೆ ರೀಲ್ಸ್ ನೋಡ್ತಾ ಕೂತಿರ್ತೀವಿ.